ಉಡಿಗೆ ಬಿದ್ದ ನತ್ತು

ಅನ್ನಪೂರ್ಣವ್ವನ ಬಸುರಿ ಮಗಳ ಕುಬುಸ ಇನ್ನೇನು ಬಂದೇಬಿಟ್ಟಿತು ಎನ್ನುವಾಗ ಮನೆಯ ಬಟ್ಟೆ ಒಗೆಯುವ ಮಶೀನು ಕೈಕೊಟ್ಟಿತು. ಹೊಟ್ಟೆತುಂಬ ಕೊಳೆನೀರು ಇಟ್ಟುಕೊಂಡು, ಒಮ್ಮೆ ಗುಂಯ್ ಎಂದು ನರಳಿ, ನಿಂತುಬಿಟ್ಟಿತು. ಬಾಗಿಲಿನ ಗಾಜಿನ ಹಿಂದೆ ಕೂಸಿನ ಅಂಗಿ, ಕುಂಚಿಗೆ, ಹಾಸುವ ಬಟ್ಟೆ ತೇಲುತ್ತಿದ್ದವು. ಕೂಸಿನ ತಾಯಿ, ಮನೆಯ ಸೊಸೆ ಕಾಂಚನಾ ಇದ್ದಬದ್ದ ಗುಂಡಿಗಳನ್ನೆಲ್ಲ ಒತ್ತಿ ನೋಡಿದಳು. ನೀರು ಹನಿಯಷ್ಟೂ ಇಳಿಯಲಿಲ್ಲ.

ಲಕ್ಷ್ಮೇಶ್ವರದ ಆ ಮನೆಯಲ್ಲಿ ಏನು ಕೆಟ್ಟರೂ ಅದಕ್ಕೊಬ್ಬ ತಪ್ಪಿತಸ್ಥರು ಬೇಕು. ಹಾಲು ಉಕ್ಕಲಿ, ಕರೆಂಟು ಹೋಗಲಿ, ಅನ್ನಪೂರ್ಣವ್ವ ಮೊದಲು ನೋಡುವುದು ಸೊಸೆಯ ಮುಖವನ್ನೇ. ಈಗಲೂ ಪಡಸಾಲೆಯ ಮಂಚದ ಮೇಲೆ ಕೂತು ಅಡಿಕೆ ಕತ್ತರಿಸುತ್ತಲೇ ಕೂಗಿದಳು.

"ಅದರಾಗ ಏನೇನ ತುರುಕೀಯೋ ಏನೋ! ನಾಡದ ಮುಂಡರಗಿ ಬೀಗರು ಬರೋರು. ಮನಿ ತುಂಬ ಹಸಿ ಅರಬಿ ಹರವಿ ಅವರನ್ನ ಎಲ್ಲಿ ಕುಂಡ್ರಸ್ತೀ?"

ಅತ್ತೆಗೆ ಉತ್ತರ ಕೊಡುವುದನ್ನು ಕಾಂಚನಾ ಹೋದ ವರ್ಷವೇ ಬಿಟ್ಟಿದ್ದಳು. ಬಾಯಿ ತೆರೆದರೆ ಎಂಥ ಮಾತು ಹೊರಬಿದ್ದೀತೋ ಎಂದು ಅವಳಿಗೇ ಹೆದರಿಕೆ. ಹೊರಗಿನವರು ಅದನ್ನು ಸೊಸೆಯ ಒಳ್ಳೆಯತನ ಎಂದುಕೊಂಡಿದ್ದರು. ಒಳಗೆ ಇದ್ದದ್ದು ಹಗೆ. ಅದನ್ನು ಅವಳು ಮುಚ್ಚಿಟ್ಟಿದ್ದಳೇ ಹೊರತು ಆರಲು ಬಿಟ್ಟಿರಲಿಲ್ಲ.

ಹಗೆಗೆ ಕಾರಣ ಒಂದು ನತ್ತು.

ಹೋದ ವರ್ಷ ಇದೇ ಮನೆಯಲ್ಲಿ ಕಾಂಚನಾಳ ಕುಬುಸವಾಯಿತು. ಬಸುರಿ ಮಗಳಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಬಾಣಂತನಕ್ಕೆ ಕರೆದೊಯ್ಯಲೆಂದು ತಾಯಿ ಅಮೃತವ್ವ ಶಿಗ್ಲಿಯಿಂದ ಬುಟ್ಟಿ ತುಂಬ ಹೋಳಿಗೆ ಮಾಡಿಕೊಂಡು ಬಂದಿದ್ದಳು. ಊಟ ಮುಗಿದು, ಬಂದವರು ಎಲೆ ಅಡಿಕೆ ಹಾಕಿಕೊಂಡು ಹರಟುತ್ತ ಕೂತಿರುವಾಗ ಅನ್ನಪೂರ್ಣವ್ವ ಎದೆ ಬಡಿದುಕೊಂಡಳು. ಅವಳ ಅತ್ತೆಯ ಕಾಲದ ನತ್ತು, ಮುತ್ತುಗಳ ನಡುವೆ ಕೆಂಪು ಹರಳಿನದು, ಕಾಣೆಯಾಗಿತ್ತು. ಉಣ್ಣುವಾಗ ಭಾರವಾಯಿತೆಂದು ಮೂಗಿನಿಂದ ತೆಗೆದು ದೇವರ ಮನೆಯ ಗೋಡೆಯ ಮಾಡದಲ್ಲಿ ಇಟ್ಟಿದ್ದೆ ಎಂದಳು. ಆ ಹೊತ್ತಿನಲ್ಲಿ ದೇವರ ಮನೆಗೆ ಹೋದವಳು ದೀಪಕ್ಕೆ ಎಣ್ಣೆ ಹಾಕಿದ ಅಮೃತವ್ವ ಒಬ್ಬಳೇ.

ಕಳ್ಳಿ ಎಂದು ಯಾರೂ ಬಾಯಿಬಿಟ್ಟು ಅನ್ನಲಿಲ್ಲ. ಅನ್ನಪೂರ್ಣವ್ವನ ಮಗಳು ಶಿವರಂಜನಿ ಸೀದಾ ಒಳಗೆ ಹೋಗಿ ಅಮೃತವ್ವನ ಚೀಲ ತಂದು, ಕೂತ ಹೆಂಗಸರ ನಡುವೆ ಜಮಖಾನೆಯ ಮೇಲೆ ಸುರುವಿದಳು. ಒಂದು ಸೀರೆ, ಬಾಚಣಿಗೆ, ವಿಭೂತಿ ಗಟ್ಟಿ, ತೇಪೆ ಹಚ್ಚಿದ ಒಂದು ಒಳಲಂಗ. ಶಿವರಂಜನಿ ಆ ಲಂಗವನ್ನು ಎರಡೂ ಕೈಯಲ್ಲಿ ಎತ್ತಿ ಎಲ್ಲರೆದುರು ಝಾಡಿಸಿದಳು. ಯಾರೋ ಕಿಸಕ್ಕನೆ ನಕ್ಕರು. ಅಮೃತವ್ವ ಗೋಡೆಯ ಕಡೆ ಮುಖ ಮಾಡಿ ನಿಂತಳು. ನತ್ತು ಸಿಗಲಿಲ್ಲ.

"ಚೀಲದಾಗ ಸಿಗಲಿಲ್ಲ ಅಂದ್ರ ಎಲ್ಲೂ ಇಲ್ಲಂತೇನೂ ಅಲ್ಲ," ಅಂದಳು ಅನ್ನಪೂರ್ಣವ್ವ.

ಮರುದಿನ ತಾಯಿ ಮಗಳು ಶಿಗ್ಲಿಗೆ ಹೊರಟರು. ಮನೆಗೆ ಬಂದ ಮುತ್ತೈದೆಯನ್ನು ಉಡಿ ತುಂಬದೆ ಕಳಿಸುವವರು ಆ ಸೀಮೆಯಲ್ಲಿ ಇಲ್ಲ. ಮಾತು ಬಿಟ್ಟವರ ಮನೆಯಾದರೂ ಸರಿ, ಒಂದು ಹಿಡಿ ಅಕ್ಕಿ, ಒಂದು ಕೊಬ್ಬರಿ ಬಟ್ಟಲು ಸೆರಗಿಗೆ ಹಾಕಿಯೇ ಕಳಿಸುತ್ತಾರೆ. ಅಮೃತವ್ವ ಹೊಸ್ತಿಲ ಬಳಿ ಸೆರಗು ಹಿಡಿದು ಕಾದಳು. ಓಣಿಯ ಹೆಂಗಸರು ನೋಡುತ್ತಿದ್ದರು. ಅನ್ನಪೂರ್ಣವ್ವ ನೋಡಿಯೂ ನೋಡದವಳಂತೆ ಅಡುಗೆ ಮನೆಗೆ ನಡೆದಳು. ಅಮೃತವ್ವ ಬರಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದಳು.

ಅವರು ಶಿಗ್ಲಿ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಮಗಳ ಕುಬುಸಕ್ಕೆ ಹೋಗಿ ಬೀಗತಿಯ ನತ್ತು ಎತ್ತಿದವಳು ಎಂದು ನೀರಿನ ನಳದ ಬಳಿ ಮಾತಾಯಿತು. ಆಮೇಲೆ ಒಂದು ಮದುವೆ ಮನೆಗೆ ಹೋದರೆ, ಅವಳು ಒಳಗೆ ಕಾಲಿಡುತ್ತಲೇ ಮನೆಯೊಡತಿ ತಿಜೋರಿಯ ಕೀಲಿ ತಿರುವಿದ ಸದ್ದು ಅವಳ ಕಿವಿಗೇ ಬಿತ್ತು. ಅಂದಿನಿಂದ ಅಮೃತವ್ವ ಯಾರ ಮನೆಯ ಹೊಸ್ತಿಲನ್ನೂ ತುಳಿಯಲಿಲ್ಲ. ಎಲ್ಲಿಗೆ ಹೊರಟರೂ ನಳ ತಪ್ಪಿಸಿ ಹಿತ್ತಲ ದಾರಿ ಹಿಡಿಯುತ್ತಿದ್ದಳು. ಬಾಣಂತನ ಮುಗಿಸಿದ ಮಗಳನ್ನು, ಮೊಮ್ಮಗಳನ್ನು ಲಕ್ಷ್ಮೇಶ್ವರಕ್ಕೆ ತಂದು ಬಿಟ್ಟವನು ಅಪ್ಪ ಸಂಗಪ್ಪ ಒಬ್ಬನೇ.

"ಹೋಗ್ಲಿ ಬಿಡ, ಹಳೀ ಮಾತು," ಎನ್ನುತ್ತಿದ್ದ ಗಂಡ ನಂದೀಶ.

"ಕಳ್ಳಿ ಅನಿಸಿಕೊಂಡಾಕಿಗೆ ಅದು ದಿನಾ ಹೊಸಾದು," ಎಂದು ಕಾಂಚನಾ ಒಮ್ಮೆ ಹೇಳಿದ್ದಳು. ಅವನು ಅಂಗಡಿಗೆ ಹೊತ್ತಾಯಿತೆಂದು ಎದ್ದು ಹೋಗಿದ್ದ.

ಇರಲಿ, ಮಶೀನಿನ ಮಾತಿಗೆ ಬರೋಣ. ಕಾಂಚನಾ ರಿಪೇರಿ ಮಾಡುವ ಮುಸ್ತಾಕನಿಗೆ ಫೋನು ಹಚ್ಚಿದಳು. ಅವನು ಸಾಮಾನು ತರಲು ಗದಗಿಗೆ ಹೋಗಿದ್ದ.

"ನಾ ಬರೂದು ನಾಳೆ ಸಂಜಿ ಆಕ್ಕೈತ್ರಿ ಅಕ್ಕಾರ. ನೀವ ಒಂದೀಟ ನೋಡ್ರಿ, ಹೆದರಬ್ಯಾಡ್ರಿ. ಮೊದಲ ಪ್ಲಗ್ ಕೀಳ್ರಿ. ಕೆಳಗ ಮೂಲ್ಯಾಗ ಸಣ್ಣ ಬಾಗಲಾ ಐತಿ, ಅದನ್ನ ತಗದ್ರ ಒಳಗ ದುಂಡನ ಬಿರಡಿ ಕಾಣತೈತಿ. ಅದರ ಹಿಂದ ನೀರ ಹೊರಗ ಹಾಕೂ ಪಂಪ್ ಐತಿ. ಏನರ ಸಿಕ್ಕೊಂಡಿರತೈತಿ."

"ಒಳಗ ನೀರ ತುಂಬೈತಲ್ಲರಿ?"

"ಅದಕ್ಕ ಪರಾತ ಇಡ್ರಿ. ಬಿರಡಿ ಒಮ್ಮೆಲೆ ತಗೀಬ್ಯಾಡ್ರಿ, ಮನಿ ಕೆರಿ ಆಕ್ಕೈತಿ. ಸಾವಕಾಶ ಎಡಕ್ಕ ತಿರವ್ರಿ, ಪರಾತ ತುಂಬಿತಂದ್ರ ಬಿಗಿ ಮಾಡ್ರಿ, ಚೆಲ್ಲಿ ಬರ್ರಿ. ನೀರ ಮುಗಿಯೂತನಾ ಹಿಂಗ."

ಕಾಂಚನಾ ಸೀರೆ ಎತ್ತಿ ಕಟ್ಟಿ ಕೂತಳು. ಹಿಟ್ಟು ನಾದುವ ಹಳೆಯ ಪರಾತವನ್ನು ಮಶೀನಿನ ಬುಡಕ್ಕೆ ಒತ್ತಿ ಇಟ್ಟು ಬಿರಡೆ ತಿರುವಿದಳು. ಕಪ್ಪು ನೀರು ಗಬ್ಬು ವಾಸನೆಯೊಡನೆ ಸುರಿಯಿತು. ತುಂಬಿಸುವುದು, ಬಿಗಿ ಮಾಡುವುದು, ಬಚ್ಚಲಿಗೆ ಚೆಲ್ಲುವುದು. ಸೊಂಟ ಬಿದ್ದುಹೋಗುವ ಹೊತ್ತಿಗೆ ನೀರು ಮುಗಿದು, ಬಿರಡೆ ಅದರ ಹಿಂದಿನ ಜಾಳಿಗೆಯ ಸಮೇತ ಕೈಗೆ ಬಂತು. ಜಾಳಿಗೆಯ ತುಂಬ ಕೂದಲು, ನೂಲಿನ ಉಂಡೆ, ಒಂದು ಪಿನ್ನು, ನಡುವೆ ಕೂಸಿನ ಕಾಲಚೀಲ ಒಂದು. ಮಶೀನಿನ ಗಂಟಲಿಗೆ ಸಿಕ್ಕಿದ್ದು ಅದೇ.

"ಬಂತ್ರಿ, ಕಾಲಚೀಲ," ಎಂದಳು ಫೋನಿಗೆ.

"ಛಲೋ ಆತು. ಈಗ ಆ ತೂತಿನ್ಯಾಗ ಬೆರಳ ಹಾಕ್ರಿ. ಸಣ್ಣ ಫ್ಯಾನ್ ಐತಿ. ತಿರವಿದ್ರ ತಡದ ತಡದ ತಿರಗಬೇಕು. ತಿರಗಲಿಲ್ಲಂದ್ರ ಅಲ್ಲೂ ಏನೋ ಸುತಗೊಂಡೈತಂತ ತಿಳೀರಿ."

ತಿರುಗಲಿಲ್ಲ. ಕಾಂಚನಾ ಫೋನಿನ ಬ್ಯಾಟರಿ ಬೆಳಕು ಹಚ್ಚಿ ನೆಲಕ್ಕೆ ಕೆನ್ನೆ ಹಚ್ಚಿ ನೋಡಿದಳು. ಒಳಗೆ ಏನೋ ಮಿಣಕ್ಕೆಂದಿತು. ತಲೆಯ ಪಿನ್ನು ತೆಗೆದು ಕೊಂಡಿ ಮಾಡಿ ಮೆಲ್ಲಗೆ ಎಳೆದಳು. ಮೊದಲು ಬಂದದ್ದು ಕಪ್ಪಗೆ ಉಬ್ಬಿದ ಎರಡು ಅಡಿಕೆ ಚೂರು. ಆಮೇಲೆ, ನೂಲು ಸುತ್ತಿಕೊಂಡ ಒಂದು ಬಂಗಾರದ ತಂತಿ. ತಂತಿಯ ತುದಿಗೆ ಬಣ್ಣಗೆಟ್ಟ ಮುತ್ತುಗಳು, ನಡುವೆ ಕೆಂಪು ಹರಳು.

"ಏನಾತ್ರಿ ಅಕ್ಕಾರ?" ಎಂದು ಮುಸ್ತಾಕ ಕೇಳುತ್ತಿದ್ದ. ಕಾಂಚನಾ ಫೋನು ಕಟ್ ಮಾಡಿದಳು.

ನತ್ತನ್ನು ಅಂಗೈಯಲ್ಲಿಟ್ಟುಕೊಂಡು ಹಸಿ ನೆಲದ ಮೇಲೆಯೇ ಕೂತಳು. ಆ ಮನೆಯಲ್ಲಿ ಅಡಿಕೆ ತಿನ್ನುವವಳು ಅನ್ನಪೂರ್ಣವ್ವ ಒಬ್ಬಳೇ. ಅಡಿಕೆ ಚೂರು, ಕೀಲಿ, ಏನು ಕೈಗೆ ಬಂದರೂ ಸೆರಗಿನ ತುದಿಗೆ ಗಂಟು ಕಟ್ಟಿಕೊಳ್ಳುವುದು ಅವಳ ರೂಢಿ. ಕುಬುಸದ ದಿನ ನತ್ತನ್ನೂ ಹಾಗೇ ಕಟ್ಟಿಕೊಂಡಿದ್ದಾಳೆ. ಊಟದಲ್ಲಿ ಸಾರು ಚೆಲ್ಲಿತೆಂದು ಆ ಸೀರೆ ಬಿಚ್ಚಿ ತಾನೇ ಮಶೀನಿಗೆ ತುರುಕಿದ್ದಳು. ಅದು ಕಾಂಚನಾಗೆ ಈಗ ಕಣ್ಣಿಗೆ ಕಟ್ಟಿದಂತೆ ನೆನಪಾಯಿತು.

ಮುದುಕಿ ಮರೆತಳು ಎನ್ನೋಣವೇ? ಹಾಗೆಂದುಕೊಳ್ಳಲು ಕಾಂಚನಾ ಹೊರಟಿದ್ದಳು, ಅಷ್ಟರಲ್ಲಿ ಇನ್ನೊಂದು ನೆನಪು ಬಂದು ಒದೆಯಿತು. ಕುಬುಸದ ನಂತರ ಅತ್ತೆ ತನ್ನ ಸೀರೆಯನ್ನು ಒಮ್ಮೆಯೂ ಮಶೀನಿಗೆ ಹಾಕಿಲ್ಲ. ಮಂಡಿ ನೋವೆಂದು ಗೋಳಾಡುತ್ತಲೇ ಬಚ್ಚಲ ಕಲ್ಲಿನ ಮೇಲೆ ಕೈಯಲ್ಲಿ ಒಗೆದುಕೊಳ್ಳುತ್ತಾಳೆ. ಸೆರಗಿನ ಗಂಟೂ ಮಾಯವಾಗಿದೆ. ಅಡಿಕೆ ಈಗ ಒಂದು ಡಬ್ಬಿಯಲ್ಲಿರುತ್ತದೆ. ಮರೆತವಳು ಹೀಗೆ ಎಚ್ಚರ ವಹಿಸುವುದಿಲ್ಲ.

ಪಡಸಾಲೆಯಿಂದ ಕೂಗು ಬಂತು.

"ಏನ ಸಿಕ್ಕಿತು?"

"ಕೂಸಿನ ಕಾಲಚೀಲರಿ."

ಅಡಿಕೆ ಕತ್ತರಿಸುವ ಸದ್ದು ನಿಂತಿತು. "ಬ್ಯಾರೆ ಏನೂ ಬರಲಿಲ್ಲಾ?"

"ಇಲ್ಲರಿ."

ಅಡಿಕೆಯ ಸದ್ದು ಮತ್ತೆ ಶುರುವಾಯಿತು. ಕಾಂಚನಾಗೆ ಇನ್ನು ಯಾವ ಅನುಮಾನವೂ ಉಳಿಯಲಿಲ್ಲ. ಎದ್ದು ಹೋಗಿ ನತ್ತನ್ನು ಆ ಮುಖಕ್ಕೆ ಎಸೆಯಬೇಕೆಂದು ಕೈ ತುರಿಸಿತು. ಆದರೆ ಪಡಸಾಲೆಯಲ್ಲಿ ಇದ್ದದ್ದು ಅತ್ತೆ ಒಬ್ಬಳೇ. ಅವ್ವನ ಲಂಗವನ್ನು ಊರ ಹೆಂಗಸರೆದುರು ಝಾಡಿಸಿದ್ದರು. ಒಬ್ಬಳೇ ಇರುವಾಗ ತೀರಿಸಿದರೆ ಅದು ತೀರಿಸಿದಂತಾಗುವುದಿಲ್ಲ. ನತ್ತು, ಅಡಿಕೆ ಚೂರು, ನೂಲಿನ ಉಂಡೆ ಎಲ್ಲವನ್ನೂ ಬಂದ ಹಾಗೇ, ತೊಳೆಯದೆ, ಒಂದು ಸ್ಟೀಲಿನ ಡಬ್ಬಿಗೆ ಹಾಕಿ ಮುಚ್ಚಿದಳು. ಬಿರಡೆ ಬಿಗಿ ಮಾಡಿ ಮಶೀನು ಹಚ್ಚಿದಳು. ನೀರು ಭರ್ ಎಂದು ಹೊರಗೆ ಹೋಯಿತು.

ಆಮೇಲೆ ಶಿಗ್ಲಿಗೆ ಫೋನು ಮಾಡಿ ಅವ್ವನನ್ನು ಕುಬುಸಕ್ಕೆ ಕರೆದಳು. ಅಮೃತವ್ವ ಆ ಮನೆಯಲ್ಲಿ ನೀರನ್ನೂ ಕುಡಿಯುವುದಿಲ್ಲ ಎಂದಳು.

"ನೀರ ಕುಡೀಬ್ಯಾಡ ಯವ್ವಾ," ಎಂದಳು ಕಾಂಚನಾ. "ನಿನ್ನ ಉಡಿ ಇಲ್ಲೇ ಉಳದೈತಿ. ಅದನ್ನ ತಗೊಂಡ ಹೋಗ ಬಾ."

"ಬರ್ತೀನಿ," ಎಂದಳು ಅಮೃತವ್ವ.

ಅವ್ವ ಬರುತ್ತಾಳೆಂದು ತಿಳಿಸಿದಾಗ ಅನ್ನಪೂರ್ಣವ್ವ ಹುಬ್ಬು ಏರಿಸಿದಳು. "ಬರಲಿ, ಯಾರ ಬ್ಯಾಡ ಅಂತಾರ. ದೇವರ ಮನಿಗೆ ಮಾತ್ರ ನಾ ಕೀಲಿ ಹಾಕ್ತೇನಿ."

ಎಲ್ಲ ತಿಳಿದೂ ಆಡಿದ ಮಾತು ಅದು. ಕಾಂಚನಾಳ ಮನಸ್ಸಿನಲ್ಲಿ ಅಷ್ಟಿಷ್ಟು ಅಳುಕು ಇದ್ದಿದ್ದರೆ ಅದೂ ಅಲ್ಲಿಗೆ ಸತ್ತಿತು.

ಕುಬುಸವನ್ನು ಬಸುರಿಯ ಗಂಡನ ಮನೆಯಲ್ಲಿ ಮಾಡುವುದು ಪದ್ಧತಿ. ಆದರೆ ಮಗಳದು ತನ್ನ ಮನೆಯಲ್ಲೇ, ಲಕ್ಷ್ಮೇಶ್ವರದ ಮಂದಿ ಬಾಯಿಮೇಲೆ ಬೆರಳಿಡುವ ಹಾಗೆ ಆಗಬೇಕೆಂದು ಅನ್ನಪೂರ್ಣವ್ವ ಹಟ ಹಿಡಿದಿದ್ದಳು. ಮುಂಡರಗಿಯಿಂದ ಶಿವರಂಜನಿಯ ಅತ್ತೆ ನೀಲಗಂಗವ್ವ ಜೀಪು ಮಾಡಿಕೊಂಡು ಬಂದಳು. ಓಣಿಯ ಹೆಂಗಸರೆಲ್ಲ ಬಂದರು, ಪಕ್ಕದ ಮನೆಯ ಅಮೀನಬಿಯೂ ಬಂದಳು. ಪಡಸಾಲೆಯಲ್ಲಿ ಅದೇ ಜಮಖಾನೆ. ಸಂಗಪ್ಪ ತನ್ನ ಗಾಡಿಯ ಮೇಲೆ ಹೆಂಡತಿಯನ್ನು ತಂದು ಇಳಿಸಿ, ತಾನು ಬೇವಿನ ಗಿಡದ ಕೆಳಗೆ ನಿಂತ. ಅಮೃತವ್ವ ಬಾಗಿಲ ಹತ್ತಿರವೇ ಕೂತಳು. ಮಗ್ಗುಲಲ್ಲಿ ಅದೇ ಚೀಲ. ಅವಳು ಕೂತದ್ದೇ ತಡ, ಹತ್ತಿರದ ಇಬ್ಬರು ತಮ್ಮ ಚೀಲಗಳನ್ನು ತೊಡೆಯ ಮೇಲೆ ಎಳೆದುಕೊಂಡರು. ಕಾಂಚನಾ ಅದನ್ನು ನೋಡಿದಳು, ಅಮೃತವ್ವನೂ ನೋಡಿದಳು.

ಶಿವರಂಜನಿಗೆ ಆರತಿಯಾಯಿತು, ಉಡಿ ತುಂಬಿದ್ದಾಯಿತು. ಇನ್ನು ಬಂದ ಮುತ್ತೈದೆಯರ ಉಡಿ ತುಂಬಬೇಕು. ಅದು ಮನೆಯ ಸೊಸೆಯ ಕೆಲಸ. ಕಾಂಚನಾ ಅಕ್ಕಿ, ಕೊಬ್ಬರಿ ಇಟ್ಟ ಮೊರ ಹಿಡಿದು ಎದ್ದಳು.

"ಮೊದಲ ನಮ್ಮ ಅತ್ತೀದು," ಎಂದಳು.

"ಹೌದ, ಮನೀ ಹಿರೇಕಿದ ಮೊದಲ ಆಗಬೇಕು," ಎಂದು ನೀಲಗಂಗವ್ವ ತಲೆಯಾಡಿಸಿದಳು. ಅನ್ನಪೂರ್ಣವ್ವ ಬೀಗಿದಳು. ಇಳಕಲ್ ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಒಡ್ಡಿ ಕೂತಳು.

ಕಾಂಚನಾ ಅಕ್ಕಿ ಹಾಕಿದಳು, ಉತ್ತತ್ತಿ ಹಾಕಿದಳು, ಅರಿಷಿಣದ ಕೊಂಬು, ಕೊಬ್ಬರಿ ಬಟ್ಟಲು, ರವಿಕೆಯ ಖಣ ಹಾಕಿದಳು. ಆಮೇಲೆ ಸ್ಟೀಲಿನ ಡಬ್ಬಿ ತೆರೆದು ಸುರುವಿದಳು. ಬಿಳಿ ಅಕ್ಕಿಯ ಮೇಲೆ ಕೂದಲು ಬಿತ್ತು, ಕೊಳೆ ನೂಲು ಬಿತ್ತು, ಅಡಿಕೆ ಚೂರು ಬಿದ್ದವು. ಕೊನೆಗೆ ನತ್ತು ಬಿತ್ತು.

"ನಿಮ್ಮ ನತ್ತರಿ ಅತ್ತೀ. ಅರಬಿ ಒಗಿಯೂ ಮಶೀನ್ ಪಂಪಿನ್ಯಾಗ ಸಿಕ್ತು, ನಿಮ್ಮ ಅಡಕಿ ಚೂರಿನ ಸಂಗಾಟ. ಸೆರಗಿಗೆ ಕಟಗೊಂಡು ಮಶೀನಿಗೆ ಹಾಕಿದ್ರಿ. ದೇವರ ಮಾಡದಾಗ ಇಟ್ಟೇ ಇರಲಿಲ್ಲ."

ಅನ್ನಪೂರ್ಣವ್ವ ಕೆಳಗೆ ನೋಡಿದಳು. ಮೇಲೇಳುವಂತಿಲ್ಲ, ಕೈ ಬಿಡುವಂತಿಲ್ಲ. ಬಿಟ್ಟರೆ ಉಡಿ ನೆಲಕ್ಕೆ ಬೀಳುತ್ತದೆ, ಅದು ಅಪಶಕುನ. ಒಡ್ಡಿದ ಸೆರಗನ್ನು ಹಿಡಿದೇ ನಗಲು ನೋಡಿದಳು.

"ಅಯ್ಯ ಶಿವನ! ನನಗ ನೆನಪ ಇರಲಿಲ್ಲ ನೋಡ್ರೆವ್ವಾ. ವಯಸ್ಸಾತು."

ಒಂದಿಬ್ಬರು ಹೌದೆನ್ನುವಂತೆ ತಲೆ ಹಾಕಿದರು. ಮುದುಕಿ ಜಾರಿಕೊಳ್ಳುತ್ತಿದ್ದಳು.

"ನೆನಪಿರಲಿಲ್ಲಂದ್ರ ಅವತ್ತಿನಿಂದ ನಿಮ್ಮ ಸೀರಿ ಕೈಲೆ ಯಾಕ ಒಗಿಯಾಕತ್ತೀರಿ? ಸೆರಗಿಗೆ ಗಂಟ ಹಾಕೂದ ಯಾಕ ಬಿಟ್ರಿ?"

ಅಷ್ಟರಲ್ಲಿ ಅಮೀನಬಿ ಬಾಯಿ ಹಾಕಿದಳು. ಆಕೆಗೆ ಯಾರ ಮೇಲೂ ಹಗೆ ಇರಲಿಲ್ಲ, ತನಗೆ ಹೊಳೆದದ್ದನ್ನು ಹೊಳೆದ ಹಾಗೆ ಹೇಳಿದಳಷ್ಟೆ.

"ಹಂಗಾರ ಕುಬುಸದ ಮರದಿನ ಮುಂಜಾನೆ ನೀವು ಹುಡುಕಿದ್ದು ಇದನ್ನೇನ್ರಿ ಅನಪೂರ್ಣಕ್ಕಾ? ಮಶೀನ್ ನೀರ ಬೀಳೂ ಗಟಾರದಾಗ ಕಡ್ಡಿ ಹಾಕಿ ಆಡಸಾಕತ್ತಿದ್ರಿ. ಏನ್ರಿ ಅಂತ ಕೇಳಿದ್ರ ಚಮಚಾ ಬಿದ್ದೈತಿ ಅಂದ್ರಿ. ಇನ್ನೂ ಅಮೃತಕ್ಕಾ ಊರಿಗೆ ಹೊಂಟಿರಲಿಲ್ಲ."

ಇಷ್ಟು ಕಾಂಚನಾಗೂ ಗೊತ್ತಿರಲಿಲ್ಲ. ಹೊಸ್ತಿಲಲ್ಲಿ ಅವ್ವ ಸೆರಗು ಹಿಡಿದು ನಿಂತಾಗಲೇ ಅತ್ತೆಗೆ ತಿಳಿದಿತ್ತು. ತಿಳಿದೇ ಅಡುಗೆ ಮನೆಗೆ ನಡೆದಿದ್ದಳು.

ನೀಲಗಂಗವ್ವ ಪಕ್ಕದವಳ ಕಡೆ ಬಾಗಿ ಏನೋ ಕೇಳಿದಳು. ಪಕ್ಕದವಳು ಪಿಸುಗುಟ್ಟಿ ಎಲ್ಲವನ್ನೂ ಹೇಳಿದಳು. ಲಂಗದ ಮಾತನ್ನೂ ಬಿಡಲಿಲ್ಲ. ನೀಲಗಂಗವ್ವ ಎದ್ದಳು. ಒಳಗಿನಿಂದ ತನ್ನ ಚೀಲ ತಂದು ಜಮಖಾನೆಯ ಮೇಲೆ ಅನ್ನಪೂರ್ಣವ್ವನ ಮುಂದೆ ಇಟ್ಟಳು.

"ಬೀಗತೀರ, ನಾವಿನ್ನ ಹೊಂಡ್ತೇವಿ. ಅದಕ್ಕ ಮೊದಲ ನನ್ನ ಚೀಲಾ ನೋಡಿಬಿಡ್ರಿ. ನಾಳೆ ನಿಮ್ಮ ಮನ್ಯಾಗ ಏನರ ಕಾಣಲಿಲ್ಲಂದ್ರ ನನ್ನ ಹೆಸರ ಬರಬಾರದು." ಆಮೇಲೆ ಸೊಸೆಯ ಕಡೆ ತಿರುಗಿದಳು. "ಶಿವರಂಜನಿ, ನೀನ ಸುರುವ ಬಾ. ನಿನಗ ರೂಢಿ ಐತಂತಲ್ಲ."

ಶಿವರಂಜನಿ ಹಸಿರು ಸೀರೆಯಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದಳು. ನೀಲಗಂಗವ್ವ ತಾನೇ ಚೀಲ ಬಿಚ್ಚಿ ಒಂದೊಂದಾಗಿ ತೆಗೆದಿಟ್ಟಳು. ಅವಳನ್ನು ನೋಡಿ ಅಮೀನಬಿ ತನ್ನ ಪರ್ಸು ಬಿಚ್ಚಿ ಇಟ್ಟಳು. ಮತ್ತೊಬ್ಬಳು ಇಟ್ಟಳು, ಇನ್ನೊಬ್ಬಳು ಇಟ್ಟಳು. ತೊಡೆಯ ಮೇಲೆ ಚೀಲ ಎಳೆದುಕೊಂಡಿದ್ದ ಆ ಇಬ್ಬರೂ ತಲೆ ತಗ್ಗಿಸಿ ಬಂದು ಇಟ್ಟರು. ಬಾಯಿ ತೆರೆದ ಚೀಲಗಳ ನಡುವೆ ಅನ್ನಪೂರ್ಣವ್ವ ಕೊಳೆ ತುಂಬಿದ ಸೆರಗು ಹಿಡಿದು ಕೂತಿದ್ದಳು. ಅವಳ ಕಣ್ಣಲ್ಲಿ ನೀರು ಬಂತು. ಕನಿಕರ ಬಂದೀತೇನೋ ಎಂದು ಕಾಂಚನಾ ಒಂದು ಗಳಿಗೆ ಕಾದಳು. ಬರಲಿಲ್ಲ. ಹೊಟ್ಟೆ ತಣ್ಣಗಾಯಿತು, ನಿಜ ಹೇಳಬೇಕೆಂದರೆ ನಗುವೇ ಬಂತು.

ಕೊನೆಗೆ ಬಾಗಿಲ ಬಳಿಯಿಂದ ಅಮೃತವ್ವ ಎದ್ದಳು. ಅವಳ ಚೀಲ ಅವಳ ಕೈಯಲ್ಲೇ ಇತ್ತು.

"ನನ್ನ ಚೀಲಾ ಒಮ್ಮೆ ನೋಡಿದ್ದಾತು," ಎಂದಳು. "ನನ್ನ ಉಡಿ ಒಂದ ಉಳದೈತಿ. ತುಂಬ್ರಿ, ಹೋಗ್ತೇನಿ."

ಅನ್ನಪೂರ್ಣವ್ವ ತನ್ನ ಉಡಿಯನ್ನು ಜಮಖಾನೆಯ ಮೇಲೆ ಸುರುವಿ ಎದ್ದಳು. ಕಾಂಚನಾ ಮೊರ ಮುಂದೆ ಹಿಡಿದಳು. ಮುದುಕಿ ಹಾಕಿದ ಅಕ್ಕಿಯಲ್ಲಿ ಅರ್ಧ ನೆಲಕ್ಕೆ ಬಿತ್ತು.

"ಮತ್ತೊಮ್ಮೆ ಹಾಕ್ರಿ," ಎಂದಳು ಕಾಂಚನಾ.

ಮತ್ತೊಮ್ಮೆ ಹಾಕಿದಳು. ಕೊಬ್ಬರಿ ಬಟ್ಟಲು ಇಟ್ಟಳು, ಖಣ ಇಟ್ಟಳು. ಆಮೇಲೆ ಬಗ್ಗಿ, ನೂಲಿನ ಉಂಡೆಯೊಳಗಿಂದ ನತ್ತನ್ನು ಹೆಕ್ಕಿ, ಸೆರಗಿನಿಂದ ಒರೆಸಿ, ಅಮೃತವ್ವನ ಉಡಿಗೆ ಹಾಕಿದಳು.

"ಇದನ್ನೂ ಇಟಗೋರಿ ಬೀಗತೀರ. ಮನಸಿನ್ಯಾಗ ಏನೂ ಇಟಗೋಬ್ಯಾಡ್ರಿ."

ಅಮೃತವ್ವ ಅಕ್ಕಿಯಲ್ಲಿ ಬೆರಳಾಡಿಸಿ ನತ್ತು ತೆಗೆದಳು. ಎಲ್ಲರಿಗೂ ಕಾಣುವ ಹಾಗೆ ಒಮ್ಮೆ ಹಿಡಿದು, ಅನ್ನಪೂರ್ಣವ್ವನ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ತಾನೇ ಮಡಿಚಿದಳು.

"ಇದು ನಂದಲ್ಲರಿ. ಅವತ್ತೂ ನಂದಾಗಿರಲಿಲ್ಲ."

ತುಂಬಿದ ಉಡಿಯನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಂಡು ಅವಳು ಮೆಟ್ಟಿಲಿಳಿದಳು. ಬೇವಿನ ಗಿಡದ ಕೆಳಗೆ ಸಂಗಪ್ಪ ಗಾಡಿ ಚಾಲೂ ಮಾಡಿದ. ಕಾಂಚನಾ ಕೂಸನ್ನೆತ್ತಿಕೊಂಡು ಹೊಸ್ತಿಲವರೆಗೆ ಬಂದಳು. ಅವ್ವ ಅಪ್ಪನ ಭುಜ ಹಿಡಿದು ಹೇಳಿದ್ದು ಅವಳಿಗೆ ಕೇಳಿಸಿತು.

"ಶಿಗ್ಲಿ ಬಂದ ಮ್ಯಾಲೆ ಹಿತ್ತಲ ದಾರಿ ಬ್ಯಾಡ. ನೀರಿನ ನಳದ ಮುಂದಿಂದ ಹೋಗೂಣು. ಸಾವಕಾಶ ಹೊಡೀರಿ."